ಮೊದಲು ಕಂದು, ಕೊನೆಗೆ ಹಸಿರು

ಕಾರ್ಖಾನೆಯವರೆಲ್ಲ ಆಕೆಯನ್ನು ರುಚಿಯಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಗೇಟಿನ ಕಾವಲುಗಾರನಿಗೂ ಅವಳು ಅಕ್ಕನೇ. ಇಪ್ಪತ್ತಾರು ವರ್ಷ ಅವಳು ಮಾಡಿದ ಕೆಲಸ ಇಷ್ಟೇ: ಕುದಿಸಿ ಸೋಸಿದ ಕಷಾಯವನ್ನು ಬಾಟಲಿಗೆ ತುಂಬುವ ಮೊದಲು ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಇನ್ನೆಷ್ಟು ಜೇನು ಬೇಕು ಎಂದು ಹೇಳುವುದು. ‘ಅಯ್ಯೋ, ಕೂತ್ಕೊಂಡು ಕುಡಿಯೋದೂ ಒಂದು ಕೆಲಸಾನಾ?’ ಎಂದು ನಗುವವರಿದ್ದರು. ನಗಲಿ. ಬೆಳಗಾಗೆದ್ದು ಹತ್ತು ಬಗೆಯ ಕಹಿಯನ್ನು ಬಾಯಾಡಿಸಿ ಉಗುಳಿ, ಒಂದು ಇನ್ನೊಂದಕ್ಕೆ ಬೆರೆಯದಂತೆ ನೆನಪಿಟ್ಟುಕೊಂಡು ನೋಡಲಿ, ಆಮೇಲೆ ಮಾತಾಡೋಣ.

ಅವಳು ಅಲ್ಲಿಗೆ ಬಂದದ್ದು ಬಾಟಲಿ ತೊಳೆಯಲು. ಆಗ ಅದು ಕಾರ್ಖಾನೆಯೂ ಆಗಿರಲಿಲ್ಲ. ಒಬ್ಬ ಮುದಿ ವೈದ್ಯ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಾಲ್ಕು ಹಂಡೆ ಇಟ್ಟುಕೊಂಡು ಅಮೃತಬಳ್ಳಿ, ಅಶ್ವಗಂಧ, ನೆಲಬೇವು, ನೆಲ್ಲಿಕಾಯಿಗಳಿಂದ ಔಷಧ ಮಾಡುತ್ತಿದ್ದ. ಒಂದು ದಿನ ತೊಳೆಯಲು ಬಂದ ಹಂಡೆಯ ತಳವನ್ನು ಬೆರಳಿನಿಂದ ಬಳಿದು ನೆಕ್ಕಿ, ‘ಈ ಸಲದ ಬಳ್ಳಿ ಎಳೇದು. ಕಹಿ ಗಂಟಲಿಗೆ ಇಳೀತಾ ಇಲ್ಲ, ನಾಲಿಗೆ ಮೇಲೇ ನಿಂತಿದೆ’ ಅಂದಳು. ವೈದ್ಯ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟ. ಬಳ್ಳಿ ತಂದವನನ್ನು ಕರೆಸಿ ಕೇಳಿದ. ನಿಜವಾಗಿಯೂ ಎಳೆಯದೇ ಆಗಿತ್ತು. ಮಾರನೆಯ ದಿನದಿಂದ ಬಾಟಲಿ ತೊಳೆಯಲು ಬೇರೆಯವರು ಬಂದರು.

ವೈದ್ಯ ಹೇಳಿಕೊಟ್ಟದ್ದು ಎರಡೇ ಮಾತು. ಒಂದು, ಖಾರ, ಉಪ್ಪಿನಕಾಯಿ, ಸುಡುವ ಕಾಫಿ ಎಲ್ಲ ಬಿಡಬೇಕು. ಬಿಟ್ಟಳು. ಮನೆಯಲ್ಲಿ ಎರಡು ಪಾತ್ರೆಯಲ್ಲಿ ಅಡುಗೆಯಾಗತೊಡಗಿತು, ಅವಳದು ಸಪ್ಪೆ, ಗಂಡನದು ಸರಿಯಾದದ್ದು. ಗಂಡ ದರ್ಜಿ, ಬಾಯಿ ಜೋರು. ‘ಬೇರೆಯವರ ಮನೇಲಿ ಹೆಂಡತಿ ನಾಲಿಗೆಯಿಂದ ಗಂಡನ ತಲೆ ಹೋಗುತ್ತೆ, ನಮ್ಮನೇಲಿ ಸಂಬಳ ಬರುತ್ತೆ’ ಎಂದು ಬಟ್ಟೆ ಹೊಲಿಸಲು ಬಂದವರಿಗೆಲ್ಲ ಹೇಳುತ್ತಿದ್ದ. ಎರಡನೆಯದು ರುಚಿ ನೋಡುವ ಸರದಿ: ಮೊದಲು ಕಂದು, ಕೊನೆಗೆ ಹಸಿರು. ಕಂದು ಎಂದರೆ ಬೇರು ಬಳ್ಳಿಗಳ ಕಹಿ ಕಷಾಯ. ಹಸಿರು ಎಂದರೆ ನೆಲ್ಲಿಕಾಯಿಯದು. ಕಾರಣವನ್ನು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ನೆಲ್ಲಿಕಾಯಿ ತಿಂದ ಬಾಯಿಗೆ ಬರೀ ನೀರೂ ಸಿಹಿಯಾಗುತ್ತದೆ ಎನ್ನುವುದು ಹಲ್ಲು ಬಂದ ಮಗುವಿಗೂ ಗೊತ್ತಿರುವ ಸಂಗತಿ. ಆ ಬಾಯಲ್ಲಿ ಕಹಿಯನ್ನು ಅಳೆಯಲು ಹೊರಟರೆ ಕಹಿ ಸಿಕ್ಕೀತೇ?

ವೈದ್ಯ ತೀರಿಕೊಂಡ ಮೇಲೆ ಅವನ ಮಗಳು ಬಂದಳು. ಓದಿದವಳು, ಚುರುಕು, ಕೆಟ್ಟವಳಲ್ಲ. ಇದನ್ನು ಈಗಲೇ ಹೇಳಿಬಿಡಬೇಕು, ಮುಂದೆ ನಿಮಗೆ ಅನುಮಾನ ಬಂದೀತು. ಕೆಲಸದವರು ಅವಳನ್ನು ಮೇಡಂ ಎನ್ನುತ್ತಿದ್ದರು. ‘ಔಷಧಿ ಅಂದ್ರೆ ಕಾಯಿಲೆಯವರು ಮಾತ್ರ ಕೊಳ್ತಾರೆ. ಕಾಯಿಲೆ ಇಲ್ಲದವರೇ ಜಾಸ್ತಿ ಇದಾರಲ್ಲ, ಅವರನ್ನ ಯಾಕೆ ಬಿಡೋದು?’ ಎನ್ನುವುದು ಮೇಡಂ ವಾದ. ತಗಡಿನ ಶೆಡ್ಡು ಹೋಗಿ ಬಿಳಿ ಟೈಲ್ಸಿನ ಹಾಲ್ ಬಂತು, ಹಂಡೆ ಹೋಗಿ ಆಳೆತ್ತರದ ಸ್ಟೀಲ್ ತೊಟ್ಟಿ ಬಂತು, ಕಷಾಯ ಎನ್ನುವ ಮಾತು ಹೋಗಿ ವೆಲ್‌ನೆಸ್ ಡ್ರಿಂಕ್ ಎನ್ನುವ ಮಾತು ಬಂತು. ಹಸಿರಿಗೆ ‘ಉಲ್ಲಾಸ’ ಎಂದೂ ಕಂದಿಗೆ ‘ಪ್ರಶಾಂತ’ ಎಂದೂ ನಾಮಕರಣವಾಯಿತು. ಲೇಬಲ್ಲಿನ ಮೇಲೆ ‘ನಿಮ್ಮೊಳಗಿನ ಕಾಡಿಗೆ ಕರೆ’ ಎಂದು ಅಚ್ಚಾಯಿತು. ತನ್ನೊಳಗೆ ಕಾಡೊಂದಿದೆ ಎಂದು ಅಲ್ಲಿಯವರೆಗೆ ಯಾರಿಗೂ ತಿಳಿದಿರಲಿಲ್ಲ. ತಿಳಿದ ಮೇಲೆ ಎಲ್ಲರೂ ಕೊಂಡು ಕುಡಿಯತೊಡಗಿದರು. ಆಫೀಸಿಗೆ ಹೋಗುವವರು, ವ್ಯಾಯಾಮ ಮಾಡುವವರು, ವ್ಯಾಯಾಮ ಮಾಡಬೇಕು ಎಂದುಕೊಂಡವರು, ಎಲ್ಲರೂ.

ರುಚಿಯಕ್ಕನಿಗೆ ಒಂದು ಗಾಜಿನ ಕೋಣೆ ಸಿಕ್ಕಿತು. ಹಾಲಿನ ಒಂದು ಮೂಲೆಯಲ್ಲಿ ಮೂರು ಕಡೆ ಗಾಜು, ಒಳಗೊಂದು ಮೇಜು, ಸಿಂಕು, ಬಿಳಿ ಬಟ್ಟಲುಗಳ ಸಾಲು. ಅಲ್ಲಿಂದ ನಲವತ್ತು ಹೆಜ್ಜೆ ದೂರದಲ್ಲಿ ತೊಟ್ಟಿಯ ಮೆಟ್ಟಿಲ ಮೇಲೆ ಪಾಕದವನು ನಿಂತಿರುತ್ತಿದ್ದ. ತೊಟ್ಟಿಗೆ ಜೇನು ಸುರಿದು ಕಲಕುವುದು ಅವನ ಕೆಲಸ, ಹತ್ತೊಂಬತ್ತು ವರ್ಷದಿಂದ. ಯಂತ್ರದ ಸದ್ದಿಗೆ ಕೂಗಿದರೂ ಕೇಳುವುದಿಲ್ಲ. ಹಾಗಾಗಿ ಅವಳು ರುಚಿ ನೋಡಿ ಗಾಜಿನ ಒಳಗಿಂದ ಬೆರಳು ಎತ್ತುತ್ತಿದ್ದಳು. ಒಂದು ಬೆರಳಿಗೆ ಒಂದು ಡಬ್ಬ ಜೇನು. ಮುಷ್ಟಿ ಎತ್ತಿದರೆ ಸಾಕು, ಬಾಟಲಿಗೆ ಬಿಡಬಹುದು. ಎಲ್ಲೂ ಬರೆದಿಡುವ ಪದ್ಧತಿಯಿರಲಿಲ್ಲ, ಬರೆಯಿರಿ ಎಂದು ಯಾರೂ ಹೇಳಲೂ ಇಲ್ಲ. ಡಬ್ಬವೊಂದು ಹದಿನೆಂಟು ಕೆಜಿ. ಅದನ್ನು ಹೊತ್ತು ಎಂಟು ಮೆಟ್ಟಿಲು ಹತ್ತಿ, ಸುರಿದು, ಅರ್ಧ ಗಂಟೆ ಕಲಕಬೇಕು. ಪಾಕದವನಿಗೆ ಸೊಂಟ ನೋವು ಬೇರೆ. ನಾಲ್ಕು ಬೆರಳು ಎದ್ದ ದಿನ ಊಟದ ಹೊತ್ತಿಗೆ ಅವಳೆದುರು ಬಂದು ಕೂತು, ‘ದೇವರು ನಿಮ್ಮ ಕೈಗೆ ಐದೇ ಬೆರಳು ಕೊಟ್ಟಿದಾನೆ, ನನ್ನ ಪುಣ್ಯ’ ಎನ್ನುತ್ತಿದ್ದ. ‘ಇನ್ನೊಂದು ಕೈನೂ ಇದೆ ಕಣೋ, ಜಾಸ್ತಿ ಮಾತಾಡಬೇಡ’ ಎನ್ನುತ್ತಿದ್ದಳು ಅವಳು.

ಕೆಟ್ಟದ್ದು ಕ್ಯಾಮೆರಾದಿಂದ. ಕಂಪನಿಯ ಜಾಹೀರಾತಿಗೆ ರುಚಿಯಕ್ಕನ ಕೆಲಸವನ್ನೇ ಚಿತ್ರ ತೆಗೆಯುವುದೆಂದು ಮೇಡಂ ತೀರ್ಮಾನಿಸಿದಳು. ಹಿಂದಿನ ದಿನ ಗಂಡ ಬಿಳಿ ಕೋಟನ್ನು ಇಸ್ತ್ರಿ ಮಾಡಿ, ಭುಜದ ಹತ್ತಿರ ಸ್ವಲ್ಪ ಹಿಡಿದು ಹೊಲಿದು ಕೊಟ್ಟ. ಬೆಳಿಗ್ಗೆ ನಾಲ್ಕು ಜನ ದೀಪ, ಕಂಬ, ವೈರು ಎಲ್ಲ ಹೊತ್ತು ಬಂದರು. ಅವರಲ್ಲಿ ಕ್ಯಾಮೆರಾದವನು ಮೇಜಿನ ಮೇಲಿನ ಬಟ್ಟಲುಗಳನ್ನು ನೋಡಿ ಮೂತಿ ಸೊಟ್ಟ ಮಾಡಿದ. ‘ಈ ಕಂದು ಕೆಸರು ನೀರಿನ ಥರ ಇದೆ ಮೇಡಂ. ಹಸಿರಿಂದ ಶುರು ಮಾಡೋಣ, ಫ್ರೇಮಿಗೆ ಚೆನ್ನಾಗಿರುತ್ತೆ. ಇವರ ಮುಖದಲ್ಲೂ ಒಂದು ಫ್ರೆಶ್‌ನೆಸ್ ಬರುತ್ತೆ.’

‘ಸರದಿ ಹಾಗಲ್ಲ’ ಎಂದು ರುಚಿಯಕ್ಕ ಬಾಯಿ ತೆರೆದದ್ದು ನಿಜ.

‘ಅಮ್ಮಾ, ನಿಮ್ಮಂಥ ಅನುಭವಸ್ಥರಿಗೆ ಯಾವುದು ಮೊದಲಾದರೇನು, ಯಾವುದು ಕೊನೆಯಾದರೇನು!’ ಎಂದ ಕ್ಯಾಮೆರಾದವನು. ಹೊಗಳಿ ಹೊನ್ನಶೂಲಕ್ಕೇರಿಸುವುದು ಎಂದರೆ ಇದೇ ತಾನೇ? ಆಕೆ ಹತ್ತಿದಳು. ಹೌದಲ್ಲ, ನನಗೇನು, ಎಂದು ಅವಳಿಗೇ ಅನ್ನಿಸಿಬಿಟ್ಟಿತು. ಹಸಿರನ್ನು ಬಾಯಾಡಿಸಿ, ನೀರಿನಿಂದ ಬಾಯಿ ತೊಳೆದು, ಅವನು ಹೇಳಿದಂತೆ ಎಡಕ್ಕೆ ತಿರುಗಿ, ಕಂದಿನ ಬಟ್ಟಲು ಎತ್ತಿ ಗುಟುಕರಿಸಿ, ಕಣ್ಣು ಮುಚ್ಚಿ ತೆರೆದು, ಗಾಜಿನಾಚೆ ಮುಷ್ಟಿ ಎತ್ತಿದಳು. ಎಂಥ ಮುಷ್ಟಿ! ನಾಲ್ಕೂ ಜನ ಚಪ್ಪಾಳೆ ತಟ್ಟಿದರು. ಗೊತ್ತಿದ್ದೂ ತಪ್ಪುವುದಕ್ಕೆ ಹೆಚ್ಚೇನೂ ಬೇಕಾಗಿಲ್ಲ, ನಾಲ್ಕು ಜನ ನೋಡುತ್ತಿದ್ದರೆ ಸಾಕು. ತೊಟ್ಟಿಯ ಹತ್ತಿರ ಪಾಕದವನು ಒಂದು ಗಳಿಗೆ ಅವಳನ್ನೇ ನೋಡುತ್ತ ನಿಂತ. ಕಂದಿಗೆ ಎರಡು ಡಬ್ಬಕ್ಕಿಂತ ಕಡಿಮೆ ಹಿಡಿದ ದಿನವೇ ಇರಲಿಲ್ಲ. ಆದರೆ ಮುಷ್ಟಿ ಎಂದರೆ ಮುಷ್ಟಿ. ನಲ್ಲಿ ತಿರುಗಿಸಿ ಬಾಟಲಿಗೆ ಬಿಟ್ಟ.

ಹತ್ತೇ ದಿನಕ್ಕೆ ಪೆಟ್ಟಿಗೆಗಳು ವಾಪಸ್ ಬರತೊಡಗಿದವು. ‘ಪ್ರಶಾಂತ’ ಕುಡಿದವರಾರೂ ಪ್ರಶಾಂತವಾಗಿರಲಿಲ್ಲ. ಬಾಯಿಗಿಟ್ಟು ಉಗುಳಿದವರು, ಬಾಟಲಿಯಲ್ಲಿ ಏನೋ ಸೇರಿಕೊಂಡಿದೆ ಎಂದು ಹೆದರಿದವರು, ಫೋಟೋ ಸಮೇತ ಬೈದು ಬರೆದವರು. ಮೇಡಂ ತಾನೇ ಒಂದು ಬಾಟಲಿ ತೆರೆದು ಕುಡಿದು ಕಣ್ಣಲ್ಲಿ ನೀರು ತಂದುಕೊಂಡಳು. ರುಚಿಯಕ್ಕನನ್ನೂ ಪಾಕದವನನ್ನೂ ಆಫೀಸಿಗೆ ಕರೆಸಿದಳು.

‘ಅಕ್ಕಾ, ಅವತ್ತು ಏನು ತೋರಿಸಿದ್ರಿ?’

‘ಮುಷ್ಟಿ. ಸಿಹಿ ಸರಿಯಾಗೇ ಇತ್ತು.’ ಅವಳು ಸುಳ್ಳು ಹೇಳಲಿಲ್ಲ, ಅದನ್ನು ಒಪ್ಪಬೇಕು. ಅವಳ ಬಾಯಿಗೆ ಅಂದು ಸಿಹಿಯೇ ಸಿಕ್ಕಿತ್ತು.

‘ಹಾಗಾದ್ರೆ ಬಾಟಲಿಯಲ್ಲಿ ಈ ಕಹಿ ಎಲ್ಲಿಂದ ಬಂತು?’

ರುಚಿಯಕ್ಕ ಒಂದು ಕ್ಷಣ ಯೋಚಿಸಿದಳು. ತನ್ನ ನಾಲಿಗೆ ತಪ್ಪಿರಬಹುದು ಎನ್ನುವುದು ಅವಳ ತಲೆಗೆ ಹೊಳೆಯಲೇ ಇಲ್ಲ. ಇಪ್ಪತ್ತಾರು ವರ್ಷದಲ್ಲಿ ಹೊಳೆದಿದ್ದರೆ ತಾನೇ? ‘ತೊಟ್ಟಿಯಲ್ಲಿ ಇದ್ದಿದ್ದೇ ನನ್ನ ಬಟ್ಟಲಿಗೂ ಬಂದಿದ್ರೆ ನನಗೆ ಗೊತ್ತಾಗ್ತಿತ್ತು. ನನಗೆ ಬಂದ ಬಟ್ಟಲೇ ಬೇರೆ ಇರಬೇಕು’ ಅಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಟ್ಟಲು ತುಂಬಿ ಕಳಿಸುವವನು ಯಾರು? ಪಾಕದವನು. ಡಬ್ಬ ಹೊರುವಾಗ ಸೊಂಟ ಹಿಡಿದುಕೊಂಡು ನರಳುವವನು ಯಾರು? ಅವನೇ. ಬಟ್ಟಲಿಗೆ ಮಾತ್ರ ಎರಡು ಚಮಚ ಜೇನು ಕಲಸಿ ಕಳಿಸಿ, ಮುಷ್ಟಿ ಎತ್ತಿಸಿಕೊಂಡು, ಡಬ್ಬ ಹೊರುವ ಕಷ್ಟ ತಪ್ಪಿಸಿಕೊಂಡಿದ್ದಾನೆ. ಲೆಕ್ಕ ಎಷ್ಟು ಚೆನ್ನಾಗಿ ಹೊಂದಿಕೊಂಡಿತು ನೋಡಿ. ಪಾಕದವನು ‘ನಾನು ಹಾಗೆ ಮಾಡೋನಲ್ಲ ಮೇಡಂ’ ಎಂದು ಒಂದೇ ಸಲ ಹೇಳಿದ. ಆಮೇಲೆ ರುಚಿಯಕ್ಕನ ಮುಖ ನೋಡಿದ. ಅವಳು ಕಿಟಕಿಯ ಕಡೆ ತಿರುಗಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುತ್ತಾರೆ. ಎಮ್ಮೆ ಅದೇ ಸಂಜೆ ಕೆಲಸ ಕಳೆದುಕೊಂಡು ಮನೆಗೆ ಹೋಯಿತು. ಕಾರ್ಖಾನೆಯ ಅರವತ್ತು ಜನಕ್ಕೂ ಸುದ್ದಿ ಮುಟ್ಟಿತು. ‘ನೋಡೋಕೆ ಸಾಧು ಥರ ಇದ್ದ, ಎಂಥ ಮೋಸಗಾರ’ ಎಂದು ಸಿಂಕಿನ ಹತ್ತಿರ ಆಡಿಕೊಂಡರು.

ಎರಡು ವಾರ ಕಳೆಯಿತು. ಒಂದು ಭಾನುವಾರ ಮಧ್ಯಾಹ್ನ ರುಚಿಯಕ್ಕನ ಮಗಳು ಮನೆಗೆ ಬಂದಳು. ಜಾಹೀರಾತು ಬಂದಿದೆ, ಎಲ್ಲರೂ ನೋಡುತ್ತಿದ್ದಾರೆ, ಅಮ್ಮನಿಗೆ ತೋರಿಸಬೇಕು ಎಂದು ಊಟದ ಮೇಜಿನ ಮೇಲೆ ನೀರಿನ ಲೋಟಕ್ಕೆ ಫೋನು ಒರಗಿಸಿ ನಿಲ್ಲಿಸಿದಳು. ದರ್ಜಿ ಕನ್ನಡಕ ಹಾಕಿಕೊಂಡು ಬಂದು ಕೂತ. ‘ಕೋಟು ನೋಡೇ, ಭುಜ ಹೇಗೆ ಕೂತಿದೆ! ನಾನು ಹಿಡಿದು ಹೊಲೀಲಿಲ್ಲ ಅಂದಿದ್ರೆ ಜೋತು ಬೀಳ್ತಿತ್ತು’ ಅಂದ.

ರುಚಿಯಕ್ಕ ಕೋಟು ನೋಡಲಿಲ್ಲ. ಪರದೆಯೊಳಗಿನ ಹೆಂಗಸು ಹಸಿರು ಬಟ್ಟಲು ಎತ್ತಿದಳು. ಕುಡಿದಳು. ನಕ್ಕಳು. ನೀರು ಮುಕ್ಕಳಿಸಿದಳು. ಕಂದು ಬಟ್ಟಲು ಎತ್ತಿದಳು.

‘ಇನ್ನೊಂದು ಸಲ ಹಾಕು’ ಅಂದಳು.

ಮಗಳು ಖುಷಿಯಿಂದ ಹಾಕಿದಳು. ಅದೇ ಹೆಂಗಸು, ಅದೇ ಹಸಿರು, ಅದಾದ ಮೇಲೆ ಕಂದು. ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ, ನಾಲಿಗೆಯ ಹುಣ್ಣಿಗೆ ಬೇಕಾಯಿತು. ರುಚಿಯಕ್ಕನಿಗೆ ಬಾಯಲ್ಲಿದ್ದ ತುತ್ತನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ‘ಏನಾಯ್ತಮ್ಮಾ?’ ಎಂದರೆ ‘ಏನಿಲ್ಲ, ನೀರು ಕೊಡು’ ಅಂದಳು.

ಎದ್ದು ಹೋಗಿ ಹೇಳಿಬಿಡುವುದು ಸುಲಭ ಎಂದು ನಾವು ನೀವು ಇಲ್ಲಿ ಕೂತು ಹೇಳಬಹುದು. ಹೇಳಿದರೆ ಆ ಗಾಜಿನ ಕೋಣೆ ಹೋಗುತ್ತದೆ. ಗಾಜಿನ ಕೋಣೆ ಹೋದರೆ ಉಳಿಯುವುದೇನು? ಖಾರ ತಿನ್ನದ, ಬೇರೆ ಕೆಲಸ ಬಾರದ, ಐವತ್ತೆರಡು ವರ್ಷದ ಒಬ್ಬ ಹೆಂಗಸು. ತಪ್ಪಾದರೂ ಎಂಥದು? ಬುದ್ಧಿವಂತರು ಮಾಡುವಂಥ ದೊಡ್ಡ ತಪ್ಪಾಗಿದ್ದರೆ ಹೇಳಿಕೊಳ್ಳಲು ಒಂದು ಮರ್ಯಾದೆಯಾದರೂ ಇರುತ್ತಿತ್ತು. ನೆಲ್ಲಿಕಾಯಿ ತಿಂದರೆ ಬಾಯಿ ಸಿಹಿಯಾಗುತ್ತದೆ ಎಂಬುದನ್ನು ಮರೆತೆ ಎಂದು ಯಾವ ಬಾಯಲ್ಲಿ ಹೇಳುವುದು? ಇಷ್ಟೆಲ್ಲ ಯೋಚಿಸಿ ಅವಳು ಸೋಮವಾರ ಎಂದಿನಂತೆ ಕೆಲಸಕ್ಕೆ ಹೋದಳು. ಮೊದಲು ಕಂದು ಕುಡಿದಳು, ಕೊನೆಗೆ ಹಸಿರು ಕುಡಿದಳು, ತೊಟ್ಟಿಯ ಹತ್ತಿರ ಹೊಸದಾಗಿ ಬಂದವನಿಗೆ ಮೂರು ಬೆರಳು ತೋರಿಸಿದಳು. ಮಂಗಳವಾರವೂ ಹೋದಳು. ಬುಧವಾರವೂ. ಸಿಂಕಿನ ಹತ್ತಿರ ಯಾರಾದರೂ ಪಾಕದವನ ಮಾತೆತ್ತಿದರೆ ನಲ್ಲಿಯನ್ನು ಜೋರಾಗಿ ಬಿಡುತ್ತಿದ್ದಳು.

ಒಂಬತ್ತು ದಿನ ಹೀಗೇ ನಡೆಸಿದಳು. ಕೊನೆಗೆ ಮೇಡಂ ಕೋಣೆಗೆ ಹೋಗಿ, ನಿಂತುಕೊಂಡೇ, ಒಂದೇ ಉಸಿರಿನಲ್ಲಿ ಹೇಳಿದಳು. ಮೇಡಂ ಮೇಜಿನ ಮೇಲಿದ್ದ ಹೊಸ ಬಾಟಲಿಯನ್ನು ಅವಳ ಕಡೆ ತಿರುಗಿಸಿದಳು. ಲೇಬಲ್ಲಿನ ಮೇಲೆ ರುಚಿಯಕ್ಕನ ಮುಖ. ಕೆಳಗೆ ‘ಇಪ್ಪತ್ತಾರು ವರ್ಷ ತಪ್ಪದ ನಾಲಿಗೆ’ ಎಂದು ಬರೆದಿತ್ತು.

‘ಇದೆಲ್ಲ ಅಚ್ಚಾಗಿ ಹೋಗಿದೆ ಅಕ್ಕಾ. ಈಗ ಇದನ್ನ ಎಲ್ಲರ ಮುಂದೆ ಹೇಳಿದ್ರೆ ನಾನು ಬಾಗಿಲು ಹಾಕ್ಕೊಂಡು ಮನೆಗೆ ಹೋಗಬೇಕು. ಅರವತ್ತು ಜನರ ಅನ್ನ ಇದು. ಅವನಿಗೆ ಬೇರೆ ಕಡೆ ಕೆಲಸ ಕೊಡಿಸ್ತೀನಿ, ನಾನೇ ಫೋನ್ ಮಾಡ್ತೀನಿ. ನೀವು ಇದನ್ನ ನುಂಗಿಕೊಳ್ಳಿ.’

‘ನುಂಗೋದು ನನ್ನ ಕೆಲಸ ಅಲ್ಲ ಮೇಡಂ, ಉಗುಳೋದು’ ಎಂದಳಂತೆ ರುಚಿಯಕ್ಕ. ಹಾಗೆಂದು ಅವಳ ಗಂಡ ಹೇಳುತ್ತಾನೆ. ದರ್ಜಿಯ ಮಾತಿಗೆ ಸ್ವಲ್ಪ ಜರಿ ಅಂಚು ಇದ್ದೇ ಇರುತ್ತದೆ. ಬಹುಶಃ ಅವಳು ಏನೂ ಅನ್ನದೆ ಹೊರಗೆ ಬಂದಿರಬೇಕು. ಯಾಕೆಂದರೆ ಮಾರನೆಯ ದಿನ ಮತ್ತೆ ಗಾಜಿನ ಕೋಣೆಯಲ್ಲೇ ಇದ್ದಳು.

ಅಂದು ಸಂಜೆ ಕೆಲಸ ಮುಗಿದ ಮೇಲೆ ಅವಳು ಪಾಕದವನ ಮನೆಗೆ ಹೋದಳು. ಬಸ್ಸಿಳಿದು, ಸೈಕಲ್ ರಿಪೇರಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ ಎರಡು ಕೋಣೆಯ ಮನೆ. ಪಾಕದವನು ನೆಲದ ಮೇಲೆ ಅಂಗಾತ ಮಲಗಿ ಸೊಂಟದ ಕೆಳಗೆ ಬಿಸಿ ನೀರಿನ ಚೀಲ ಇಟ್ಟುಕೊಂಡಿದ್ದ. ಎದ್ದು ಕೂರಲು ಹೋದವನನ್ನು ಅವಳು ಬೇಡ ಅಂದಳು. ಅವನ ಹೆಂಡತಿ ಬಾಗಿಲ ಬಳಿಯೇ ಕೈ ಕಟ್ಟಿ ನಿಂತಳು. ರುಚಿಯಕ್ಕ ಕುರ್ಚಿಯ ತುದಿಯಲ್ಲಿ ಕೂತು ಎಲ್ಲ ಹೇಳಿದಳು. ಕ್ಯಾಮೆರಾ, ಹಸಿರು, ಮುಷ್ಟಿ, ಮಗಳ ಫೋನು, ಒಂದೂ ಬಿಡಲಿಲ್ಲ. ‘ತಪ್ಪು ನಂದು. ನೀನು ಏನೂ ಮಾಡಿಲ್ಲ’ ಅಂದಳು.

ಪಾಕದವನು ಸೂರು ನೋಡುತ್ತಿದ್ದ. ‘ನನಗೆ ಅವತ್ತೇ ಗೊತ್ತಿತ್ತು. ನೀವು ಮೊದಲು ಹಸಿರು ಎತ್ತಿದ್ದು ನಾನು ಅಲ್ಲಿಂದ ನೋಡಿದೆ.’

‘ಗೊತ್ತಿದ್ದೂ ಆಫೀಸಲ್ಲಿ ಯಾಕೆ ಹೇಳಲಿಲ್ಲ?’

‘ನೀವೇ ಹೇಳ್ತೀರ ಅಂದ್ಕೊಂಡೆ. ಮನೆಗೆ ಬಂದಮೇಲೂ ಒಂದು ವಾರ ಅದೇ ಅಂದ್ಕೊಂಡಿದ್ದೆ.’ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ರುಚಿಯಕ್ಕನಿಗೆ ಅಳು ಬಂತು, ಅತ್ತಳು. ಅಳುವುದು ಮುಗಿಯುವವರೆಗೂ ಅವನ ಹೆಂಡತಿ ಹಾಗೇ ನಿಂತಿದ್ದಳು. ಮುಗಿದ ಮೇಲೆ ಹೇಳಿದಳು: ‘ಬಂದ್ರಿ, ಹೇಳಿದ್ರಿ, ಅತ್ರಿ. ಆದ್ರೆ ಇಲ್ಲಿ ಹೇಳಿ ಏನುಪಯೋಗ? ಈ ಮನೇಲಿ ಇವರನ್ನ ಮೋಸಗಾರ ಅಂದವರು ಯಾರೂ ಇಲ್ಲ. ಎಲ್ಲಿ ಅಂದ್ರೋ ಅಲ್ಲಿ ಹೋಗಿ ಹೇಳಿ.’

ಮುಂದಿನದನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು, ಕಾಯಿಸಿ ಹೇಳುವಂಥದ್ದೇನೂ ಅಲ್ಲ. ರುಚಿಯಕ್ಕನ ಕೆಲಸ ಹೋಯಿತು. ಅವಳ ಜಾಗಕ್ಕೆ ಸಿಹಿ ಅಳೆಯುವ ಒಂದು ಉಪಕರಣ ಬಂತು. ಅದರ ಮುಂದೆ ಯಾರು ಎಷ್ಟು ಚಪ್ಪಾಳೆ ತಟ್ಟಿದರೂ ಅದು ಉಬ್ಬುವುದಿಲ್ಲ. ಲೇಬಲ್ಲಿನ ಮೇಲೆ ಮುಖದ ಬದಲು ಎಲೆಯ ಚಿತ್ರ ಬಂತು. ಕಂಪನಿ ಬಾಗಿಲನ್ನೂ ಹಾಕಲಿಲ್ಲ, ಏನನ್ನೂ ಹಾಕಲಿಲ್ಲ. ಜನ ಮರೆತರು, ಕುಡಿದರು. ಪಾಕದವನನ್ನು ಮೇಡಂ ತಾನೇ ಹೋಗಿ ಕರೆತಂದಳು. ಅವನು ತಿಂಗಳೊಪ್ಪತ್ತು ಸತಾಯಿಸಿ ಬಂದ, ಡಬ್ಬ ಎತ್ತಲು ರಾಟೆ ಹಾಕಿಸಿಕೊಂಡ.

ಇದೆಲ್ಲ ಆಗುವ ಮೊದಲು, ಪಾಕದವನ ಮನೆಗೆ ಹೋಗಿ ಬಂದ ಮಾರನೆಯ ಬೆಳಿಗ್ಗೆ, ಪಾಳಿ ಬದಲಾಗುವ ಹೊತ್ತಿಗೆ ರುಚಿಯಕ್ಕ ಹಾಲಿನ ನಡುವೆ ಬಂದು ನಿಂತಳು. ಆ ಹತ್ತು ನಿಮಿಷ ಯಂತ್ರ ನಿಂತಿರುತ್ತದೆ. ಹೋಗುವವರು, ಬರುವವರು ಎಲ್ಲರೂ ಉದ್ದನೆಯ ಸಿಂಕಿನ ಹತ್ತಿರ ಕೈ ತೊಳೆಯುತ್ತಿರುತ್ತಾರೆ. ಖಾಲಿ ಬಾಟಲಿಯ ಕ್ರೇಟೊಂದನ್ನು ಬೋರಲು ಹಾಕಿ ಅದರ ಮೇಲೆ ಹತ್ತಿದಳು. ಕೂಗಿ ಅಭ್ಯಾಸವಿಲ್ಲದ ಗಂಟಲು. ಮೊದಲ ಮಾತು ಯಾರಿಗೂ ಕೇಳಲಿಲ್ಲ. ಎರಡನೆಯ ಸಲ ಹೇಳಿದಳು.

‘ಪಾಕದವನು ಮೋಸ ಮಾಡಿಲ್ಲ. ನಾನು ಅವತ್ತು ಕ್ಯಾಮೆರಾ ಮುಂದೆ ಹಸಿರು ಮೊದಲು ಕುಡಿದೆ. ಬಾಯಿ ಸಿಹಿಯಾಗಿತ್ತು. ಕಹಿ ಗೊತ್ತಾಗದೆ ಮುಷ್ಟಿ ಎತ್ತಿದೆ. ಬಟ್ಟಲು ಬೇರೆ ಇರಬೇಕು ಅಂತ ನಾನೇ ಹೇಳಿ ಅವನ ತಲೆ ಮೇಲೆ ಹಾಕಿದೆ.’

ಹಿಂದೆ ಯಾರೋ ನಕ್ಕರು, ನೆಲ್ಲಿಕಾಯಿ ಎಂದು ಯಾರೋ ಪಿಸುಗುಟ್ಟಿದರು. ಮೇಡಂ ಆಫೀಸಿನ ಬಾಗಿಲಿಗೆ ಬಂದು ನಿಂತಿದ್ದಳು. ‘ಹೋಗಲಿ ಬಿಡಿ ಅಕ್ಕಾ, ಗೊತ್ತಿಲ್ಲದೆ ಆಗಿದ್ದು, ಯಾರಿಗೆ ತಪ್ಪಾಗಲ್ಲ’ ಎಂದು ಪ್ಯಾಕಿಂಗಿನ ಮುದುಕ ಸಮಾಧಾನ ಹೇಳಿದ. ಹೌದು ಹೌದು ಎಂದು ನಾಲ್ಕು ತಲೆ ಆಡಿದವು. ಅಲ್ಲಿಗೇ ಇಳಿದುಬಿಡಬಹುದಿತ್ತು.

ಆಗ ಬಾಟಲಿ ತೊಳೆಯುವ ಹೆಂಗಸು, ಕೈ ಒರೆಸಿಕೊಳ್ಳುತ್ತ, ಕೆಟ್ಟ ಉದ್ದೇಶವೇನೂ ಇಲ್ಲದೆ ಕೇಳಿದಳು: ‘ನಿಮಗೆ ಯಾವಾಗ ಗೊತ್ತಾಯ್ತಕ್ಕಾ? ನಿನ್ನೆನಾ?’

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ.

‘ಹನ್ನೊಂದು ದಿನ ಆಯ್ತು’ ಅಂದಳು ರುಚಿಯಕ್ಕ. ‘ಗೊತ್ತಿದ್ದೇ ಸುಮ್ಮನಿದ್ದೆ. ನೀವೆಲ್ಲ ಅವನನ್ನ ಬೈತಿದ್ರಿ, ನಾನು ಇಲ್ಲೇ ನಿಂತು ಕೇಳ್ತಿದ್ದೆ.’

ತಲೆ ಆಡಿಸಿದವರು ಆಡಿಸುವುದನ್ನು ನಿಲ್ಲಿಸಿದರು. ಅವಳು ಕ್ರೇಟಿನ ಮೇಲೆ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು, ಬೇರೆ ಯಾರಾದರೂ ಏನಾದರೂ ಕೇಳುತ್ತಾರೇನೋ ಎಂದು. ಯಾರೂ ಕೇಳದಿದ್ದಾಗ ಇಳಿದು, ಕೋಟು ಬಿಚ್ಚಿ ಮಡಿಸಿ, ಮೇಡಂ ಕೈಗೆ ಕೊಡಲು ಹೋದಳು.